ದೊಡ್ಡಮ್ಮನ ಮಣ್ಣಿಗೆ ಬಂದ ಟೋಯಿಂಗ್ ಗಾಡಿ

ಮೆಂಫಿಸ್, ಟೆನೆಸ್ಸೀ
ಆಗಸ್ಟ್ ಹದಿನಾಲ್ಕು

ಶ್ರೀ ಪ್ರೆಸ್ಟನ್ ಕ್ರಲ್ ಅವರಿಗೆ,
ಮುಖ್ಯಸ್ಥರು, ಕಾರು ಜಪ್ತಿ ವಿಭಾಗ,
ಬೆಲ್‌ಟ್ರೂ ಫ್ಯಾಮಿಲಿ ಮೋಟರ್ಸ್, ಲಮಾರ್ ರಸ್ತೆ

ವಿಷಯ: ನಮ್ಮ ಮನೆಯ ಸಾವಿಗೆ ತಮ್ಮ ಕಂಪನಿಯಿಂದ ಒಬ್ಬರನ್ನು ಮಾತ್ರ ಕಳಿಸಿದ ಬಗ್ಗೆ ದೂರು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಕಚೇರಿಯ ಕಾಫಿ ಯಂತ್ರ ಬಿಸಿಯಾಗಿದೆ, ಅದರ ಪಕ್ಕದ ಫ್ಯಾಕ್ಸ್ ಯಂತ್ರದಿಂದ ಬೀಳುವ ಕಾಗದಗಳನ್ನು ಎಂದಿನಂತೆ ಯಾರೂ ಮುಟ್ಟುತ್ತಿಲ್ಲ ಎಂದು ನಂಬಿ, ತಮ್ಮ ಗ್ರಾಹಕಳೂ ತಮ್ಮ ಜಾಹೀರಾತಿನ ಪ್ರಕಾರ ತಮ್ಮ ಮನೆಮಗಳೂ ಆದ ವರ್ಲೀನ್ ಟಗಲ್ ಎಂಬ ನಾನು ಮಾಡುವ ನಮಸ್ಕಾರಗಳು. ನಾನು ಇಪ್ಪತ್ತೆರಡು ವರ್ಷಗಳಿಂದ ಇದೇ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ತಮ್ಮ ಕಚೇರಿಗೆ ಖಾಸಗಿಯಾಗಿ ಕಳಿಸಿದ ಕಾಗದಗಳ ಗತಿ ಏನಾಗುತ್ತದೆಂದು ಈಗಾಗಲೇ ಗೊತ್ತಾಗಿರುವುದರಿಂದ, ಇದರ ಪ್ರತಿಗಳನ್ನು ಚರ್ಚಿನ ಬಾಗಿಲಿಗೆ, ಬಟ್ಟೆ ಒಗೆಯುವ ಅಂಗಡಿಗೆ ಮತ್ತು ಮೂರು ಕ್ಷೌರದಂಗಡಿಗಳಿಗೆ ಅಂಟಿಸಿದ್ದೇನೆ. ತಾವು ಎಲ್ಲಿ ಕೂದಲು ಕತ್ತರಿಸಿಕೊಂಡರೂ ಓದಲು ಅನುಕೂಲವಾಗಲಿ ಎಂಬುದೊಂದೇ ನನ್ನ ಆಸೆ.

ಮೊದಲಿಗೆ ತಮ್ಮ ಪ್ರೀತಿಯನ್ನು ನೆನೆಯದೆ ಇರಲಾರೆ. ತಮ್ಮ ಅಂಗಡಿಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ "ಇಲ್ಲಿ ನೀವು ಗ್ರಾಹಕರಲ್ಲ, ನಮ್ಮ ಮನೆಯವರು" ಎಂದು ಬರೆಸಿದ್ದೀರಿ. ಮೂರು ವರ್ಷಗಳ ಹಿಂದೆ ಆ ಬೂದು ಬಣ್ಣದ ಕಾರನ್ನು ಕೊಳ್ಳಲು ಬಂದಾಗ, ಹೊರಗಿನವರಿಗೆ ಹೇಳಲು ನಾಚಿಕೆಯಾಗುವಂಥ ಬೆಲೆಯನ್ನೂ ಬಡ್ಡಿಯನ್ನೂ ತಾವು ನನ್ನಲ್ಲಿ ಎಳ್ಳಷ್ಟೂ ಸಂಕೋಚವಿಲ್ಲದೆ ಹೇಳಿದಿರಿ. ಮನೆಯವರ ಹತ್ತಿರ ಸಂಕೋಚ ಎಂಥದ್ದು? ಅಷ್ಟೇ ಅಲ್ಲದೆ, ನಾನು ಎಲ್ಲಿ ಹೋದರೂ ತಮಗೆ ತಿಳಿಯಲಿ ಎಂದು ಸ್ಟೀರಿಂಗಿನ ಕೆಳಗೆ ಒಂದು ಪುಟ್ಟ ಪೆಟ್ಟಿಗೆಯನ್ನೂ ಇಡಿಸಿದಿರಿ. ಕಂತು ಕಟ್ಟುವ ದಿನ ಹತ್ತಿರ ಬಂದರೆ ಅದು ಕುಯ್ಯೆನ್ನುತ್ತದೆ, ದಿನ ದಾಟಿದರೆ ಕಾರು ಹೊರಡದಂತೆ ಹಿಡಿದುಕೊಳ್ಳುತ್ತದೆ. ನನ್ನನ್ನು ಹೆತ್ತ ತಾಯಿಯೂ ಇಷ್ಟು ಕಾಳಜಿಯಿಂದ ಕಾಯಲಿಲ್ಲ.

ನಮ್ಮ ಶಾಲೆಗೆ ಬೇಸಿಗೆಯಲ್ಲಿ ಎರಡು ತಿಂಗಳು ರಜೆ. ಮಕ್ಕಳಿಗೆ ರಜೆ ಎಂದರೆ ಆಟ, ಅಡುಗೆಯವಳಿಗೆ ರಜೆ ಎಂದರೆ ಸಂಬಳವಿಲ್ಲ. ಪ್ರತಿ ವರ್ಷ ಹೇಗೋ ಅಲ್ಲಿ ಇಲ್ಲಿ ಪಾತ್ರೆ ತೊಳೆದು ತೂಗಿಸುತ್ತಿದ್ದೆ. ಈ ಬಾರಿ ಜೂನ್ ತಿಂಗಳ ಕಂತು ತಪ್ಪಿತು. ತಮ್ಮ ಪೆಟ್ಟಿಗೆ ತನ್ನ ಕರ್ತವ್ಯವನ್ನು ಬಹು ನಿಷ್ಠೆಯಿಂದ ಮಾಡಿತು. ಅದಕ್ಕೆ ಗೊತ್ತಿರದಿದ್ದ ಸಂಗತಿಯೆಂದರೆ, ನನ್ನ ಗಂಡ ಹೋಸಿಯಾನ ಎರಡೂ ಕಿಡ್ನಿಗಳು ಹೋಗಿ, ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ಅವನು ಡಯಾಲಿಸಿಸ್ ಕುರ್ಚಿಯಲ್ಲಿ ಕೂತಿರಬೇಕು. ಆ ಶನಿವಾರ ನಾವಿಬ್ಬರೂ ಹೊರಡದ ಕಾರಿನಲ್ಲಿ ಅದು ಕುಯ್ಯೆನ್ನುವುದನ್ನು ಕೇಳುತ್ತಾ ಕೂತೆವು. ಭಾನುವಾರದ ಹೊತ್ತಿಗೆ ಅವನ ಕಾಲು ಬಾತು, ಎದೆಯಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಸಿಗದೆ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ನನಗೆ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ, ಮಾನ್ಯರೇ. ಅದನ್ನು ಇಲ್ಲಿ ತಮಾಷೆ ಮಾಡದೆ ಹೇಳುತ್ತಿದ್ದೇನೆ.

ತಂಗಿಯಿಂದ ಸಾಲ ತಂದು ಜೂನ್ ಕಂತು ಕಟ್ಟಿದೆ. ಪೆಟ್ಟಿಗೆ ಸುಮ್ಮನಾಯಿತು. ಜುಲೈಯದು ಮತ್ತೆ ತಪ್ಪಿತು. ಈ ಸಲ ತಾವು ಪೆಟ್ಟಿಗೆಯ ಮೇಲೆ ಭಾರ ಹಾಕದೆ, ಖುದ್ದು ಮನುಷ್ಯನನ್ನೇ ಕಳಿಸಿದಿರಿ. ಲೆಮ್ಯುಯಲ್ ಗ್ಯಾಡಿ ಎಂಬ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ, ತಮ್ಮಿಂದಲೇ ಸಾಲದ ಮೇಲೆ ಕೊಂಡ, ಕಾರುಗಳನ್ನು ಕೊಕ್ಕೆ ಹಾಕಿ ಎಳೆದೊಯ್ಯುವ ಟೋಯಿಂಗ್ ಗಾಡಿಯ ಆ ಮಹನೀಯರು ಬರುವ ಸುದ್ದಿ ನಮ್ಮ ಬೀದಿಗೆ ಅವರಿಗಿಂತ ಮುಂಚೆ ಬಂದಿತ್ತು. ನಮ್ಮಲ್ಲಿ ಇದಕ್ಕೊಂದು ರೂಢಿ ಇದೆ: ಯಾರ ಮನೆಯ ಗ್ಯಾರೇಜು ಖಾಲಿಯೋ ಅಲ್ಲಿಗೆ ಕಷ್ಟದಲ್ಲಿರುವವರ ಕಾರು ಹೋಗುತ್ತದೆ, ಬಾಗಿಲು ಕೆಳಗೆ ಬರುತ್ತದೆ. ಕಂತು ತಪ್ಪಿದ ಕಾರನ್ನು ರಸ್ತೆಯಿಂದಲೋ ಬಯಲಿನಿಂದಲೋ ಕೋರ್ಟಿನ ಅಪ್ಪಣೆಯಿಲ್ಲದೆಯೇ ಎಳೆದೊಯ್ಯಬಹುದು, ಆದರೆ ಮುಚ್ಚಿದ ಬಾಗಿಲನ್ನು ಮುಟ್ಟುವಂತಿಲ್ಲ, ಜಗಳ ತೆಗೆಯುವಂತಿಲ್ಲ ಎಂಬ ಕಾನೂನು ನಮ್ಮ ಬೀದಿಯ ನಾಯಿಗಳಿಗೂ ಗೊತ್ತು. ಎದುರುಮನೆಯ ಓಝೆಲ್ ಕ್ರಂಪ್ ಅಣ್ಣನಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಕಾರು ಮಾರಿ, ಗ್ಯಾರೇಜು ಬರಿದಾಗಿತ್ತು. ನನ್ನ ಕಾರು ಅಲ್ಲಿಗೆ ಹೋಯಿತು.

ಗ್ಯಾಡಿಯವರಿಗೆ ಪೆಟ್ಟಿಗೆ ಎಲ್ಲವನ್ನೂ ಹೇಳಿತ್ತು. ಬುಧವಾರ, ಗುರುವಾರ ಎರಡು ದಿನ ಅವರು ಓಝೆಲಣ್ಣನ ಗ್ಯಾರೇಜಿನ ಎದುರು ಗಾಡಿ ನಿಲ್ಲಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಓಝೆಲಣ್ಣ ಜಗಲಿಯ ಕುರ್ಚಿಯಲ್ಲಿ ಕೂತು ಅವರಿಗೆ ಎದುರಾಗಿ ಕಾದ. ಮೂರು ಗಂಟೆಗೊಮ್ಮೆ ತಣ್ಣನೆಯ ಚಹಾ ಕಳಿಸುತ್ತಿದ್ದ, ಹವೆಯ ವಿಚಾರ ಮಾತಾಡುತ್ತಿದ್ದ. ಗ್ಯಾರೇಜಿನಲ್ಲಿ ಏನಿದೆ ಅಣ್ಣ ಎಂದು ಗ್ಯಾಡಿಯವರು ಮರ್ಯಾದೆಯಿಂದಲೇ ಕೇಳಿದರೆ, ನನಗೆ ಕಣ್ಣು ಕಾಣಲ್ಲಪ್ಪ, ನಾನು ಹೇಗೆ ಹೇಳಲಿ ಎಂದು ಅಷ್ಟೇ ಮರ್ಯಾದೆಯಿಂದ ಹೇಳುತ್ತಿದ್ದ. ಗುರುವಾರ ಹೋಸಿಯಾನನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದೆ. ಆ ವಾರದ ದಿನಸಿಯ ದುಡ್ಡು ಅದಕ್ಕೆ ಹೋಯಿತು. ಶನಿವಾರದ ಟ್ಯಾಕ್ಸಿಗೆ ಏನೂ ಉಳಿಯಲಿಲ್ಲ.

ಆವತ್ತೇ ಮಧ್ಯಾಹ್ನ ಇಮೋಜೀನ್ ಫ್ಯಾಂಟ್ ಎಂಬ ವಕೀಲೆಯ ಬಳಿ ಹೋದೆ. ತಮಗೆ ತಿಳಿದಿರುವಂತೆ ನಮ್ಮೂರಲ್ಲಿ ಪಾಪರ್ ಆಗುವುದನ್ನು ಯಾರೂ ದಿವಾಳಿ ಎನ್ನುವುದಿಲ್ಲ. ದಿವಾಳಿ ಕಾನೂನಿನ ಹದಿಮೂರನೇ ಅಧ್ಯಾಯದ ಹೆಸರಲ್ಲಿ ಬರೀ "ಹದಿಮೂರು" ಎನ್ನುತ್ತೇವೆ. "ಹದಿಮೂರು ಹಾಕಿಸಿದ್ದೀಯಾ?" ಎಂದು ಕೇಳುವುದು ಇಲ್ಲಿ ಹಲ್ಲು ಕೀಳಿಸಿದ್ದೀಯಾ ಎಂದು ಕೇಳಿದ ಹಾಗೆ. ಆದರೂ ನನಗೆ ನಾಚಿಕೆಯಾಗಿತ್ತು. ನಮ್ಮ ದೊಡ್ಡಮ್ಮ ಯೂಲಾ ತೊಂಬತ್ತೊಂದು ವರ್ಷ ಬದುಕಿ, ಯಾರಿಗೂ ಒಂದು ಕಾಸು ಬಾಕಿಯಿಲ್ಲದೆ ಆ ವಾರದ ಸೋಮವಾರವಷ್ಟೇ ತೀರಿಕೊಂಡಿದ್ದಳು. ಅವಳ ಮಣ್ಣು ಆಗುವ ಮುನ್ನವೇ ನಾನು ಪಾಪರ್ ಅರ್ಜಿಗೆ ಸಹಿ ಹಾಕುತ್ತಾ ಕೂತಿದ್ದೆ.

ಫ್ಯಾಂಟಮ್ಮ ಕನ್ನಡಕದ ಮೇಲಿಂದ ನೋಡಿ, "ಇದು ಸಾಲ ನುಂಗಿ ಹಾಕೋ ಕಾಗದ ಅಲ್ಲ ವರ್ಲೀನಮ್ಮ. ಉಸಿರಾಡೋಕೆ ಟೈಮ್ ಕೊಡಿ ಅಂತ ಕೇಳೋ ಕಾಗದ," ಎಂದಳು. ಆಮೇಲೆ ಬಿಡಿಸಿ ಹೇಳಿದಳು: ಅರ್ಜಿ ಕೋರ್ಟಿಗೆ ಸೇರಿದ ನಿಮಿಷದಿಂದ ತಾನಾಗಿಯೇ ತಡೆ ಬೀಳುತ್ತದೆ, ಅದಕ್ಕೆ ನ್ಯಾಯಾಧೀಶರ ಮುಖವನ್ನೂ ನೋಡಬೇಕಾಗಿಲ್ಲ. ಆಮೇಲೆ ಯಾರೂ ಫೋನು ಮಾಡಿ ಕಾಡುವಂತಿಲ್ಲ, ಸಂಬಳ ಹಿಡಿಯುವಂತಿಲ್ಲ, ಕಾರು ಎಳೆಯುವಂತಿಲ್ಲ. ಪೆಟ್ಟಿಗೆಯಿಂದ ಕಾರು ನಿಲ್ಲಿಸುವುದೂ ಎಳೆದಷ್ಟೇ ತಪ್ಪು. ನಾನು ಐದು ವರ್ಷ, ರಜೆಯ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿದು, ಕೈಗೆಟುಕುವಷ್ಟನ್ನು ಕೋರ್ಟು ನೇಮಿಸಿದ ಅಧಿಕಾರಿಯ ಮೂಲಕ ಕಟ್ಟುತ್ತಾ ಹೋಗಬೇಕು. ಅದನ್ನು ತಪ್ಪಿಸಿದರೆ ತಡೆಯೂ ಹೋಗುತ್ತದೆ, ಕಾರೂ ಹೋಗುತ್ತದೆ ಎಂದು ಬೆರಳೆತ್ತಿ ಎಚ್ಚರಿಸಿದಳು. ಇನ್ನೊಂದು ಸಂಗತಿ ಹೇಳಿದಾಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ: ಕಾರು ಕೊಂಡು ಎರಡೂವರೆ ವರ್ಷ ದಾಟಿರುವುದರಿಂದ, ನಾನು ತಮಗೆ ಪೂರ್ತಿಯಾಗಿ ತೀರಿಸಬೇಕಾದದ್ದು ಕಾರಿನ ಈಗಿನ ನಿಜವಾದ ಬೆಲೆಯನ್ನು ಮಾತ್ರವಂತೆ. ಮಾರುವಾಗ ವಜ್ರ ಎಂದಿದ್ದ ಅದೇ ಕಾರಿಗೆ ಬೆಲೆ ಕಟ್ಟುವ ದಿನ ತಾವು ಕೋರ್ಟಿನಲ್ಲಿ ಏನೆನ್ನುತ್ತೀರೋ ಕೇಳಲು ನಾನು ಹೊಸ ಟೋಪಿ ಹಾಕಿಕೊಂಡು ಬರುವವಳಿದ್ದೇನೆ.

ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅರ್ಜಿ ಸೇರಿತು. ಒಂಬತ್ತು ಇಪ್ಪತ್ತೈದಕ್ಕೆ ತಮ್ಮ ಕಚೇರಿಗೆ ಫ್ಯಾಕ್ಸ್ ತಲುಪಿತು. ತಲುಪಿದೆ ಎಂದು ಯಂತ್ರವೇ ಒಪ್ಪಿಕೊಂಡ ಚೀಟಿ ಫ್ಯಾಂಟಮ್ಮನ ಬಳಿ ಇದೆ. ನಾನು ಓಝೆಲಣ್ಣನ ಗ್ಯಾರೇಜಿನ ಬಾಗಿಲೆತ್ತಿ, ಹಗಲು ಬೆಳಕಿನಲ್ಲಿ, ಹಿಂದಿನ ಸೀಟಿನಲ್ಲಿ ಕ್ಯಾರಮೆಲ್ ಕೇಕನ್ನೂ ಹೋಸಿಯಾನ ಆಸ್ಪತ್ರೆಯ ಚೀಲವನ್ನೂ ಇಟ್ಟುಕೊಂಡು, ರಾಣಿಯ ಹಾಗೆ ಕಾರು ನಡೆಸಿಕೊಂಡು ದೊಡ್ಡಮ್ಮನ ಅಂತ್ಯಕ್ರಿಯೆಗೆ ಚರ್ಚಿಗೆ ಹೋದೆ. ಅರ್ಜಿಯ ಪ್ರತಿ ನನ್ನ ಕೈಚೀಲದಲ್ಲಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಕೋರ್ಟು ಕೊಟ್ಟದ್ದನ್ನು ತಮ್ಮ ಕಾಫಿ ಯಂತ್ರದ ಪಕ್ಕದ ಫ್ಯಾಕ್ಸ್ ಬುಟ್ಟಿ ಕೊಡಲಿಲ್ಲ. ನಾವೆಲ್ಲ ಒಳಗೆ ಹಾಡುತ್ತಿದ್ದಾಗ, ಪೆಟ್ಟಿಗೆಯ ಸುಳಿವು ಹಿಡಿದು ಗ್ಯಾಡಿಯವರು ಚರ್ಚಿನ ಬಯಲಿಗೆ ಬಂದು, ಸದ್ದಿಲ್ಲದೆ ನನ್ನ ಕಾರಿಗೆ ಕೊಕ್ಕೆ ಹಾಕಿದರು. ನಿಯಮದಂತೆ ಎಳೆಯುವ ಕಾರಿನ ದೀಪ ಮಿನುಗಿಸಿದರು. ಅವರ ಲೆಕ್ಕದಲ್ಲಿ ಇನ್ನೂ ಅರ್ಧ ಗಂಟೆಯ ಸಮಯವಿತ್ತು. ಆದರೆ ನಮ್ಮ ಪಾದ್ರಿಗಳಿಗೆ ಅಂದು ಗಂಟಲು ಕಟ್ಟಿತ್ತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಪ್ರವಚನ ಬೇಗ ಮುಗಿದು, ಶವಪೆಟ್ಟಿಗೆ ಹೊರಗೆ ಬಂತು.

ನಮ್ಮಲ್ಲಿ ದೀಪ ಮಿನುಗಿಸುತ್ತಾ ಹೊರಡುವ ಶವದ ಮೆರವಣಿಗೆಯ ಕಾರುಗಳಿಗೆ ನೇರಳೆ ಬಾವುಟ ಸಿಕ್ಕಿಸುವುದು, ಸಾಲಾಗಿ ಬಿಡುವುದು ಓಝೆಲಣ್ಣನ ಕೆಲಸ. ಕಣ್ಣಿದ್ದ ಕಾಲದಿಂದ ಮಾಡುತ್ತಿದ್ದಾನೆ, ಬಿಡು ಎಂದು ಹೇಳಲು ಯಾರಿಗೂ ಧೈರ್ಯವಿಲ್ಲ. ಅವನು ದೀಪ ಮಿನುಗುವ ವಾಹನ ಎಂದು ಕೈಯಲ್ಲಿ ತಡವಿಕೊಂಡು ಬಂದು, ಟೋಯಿಂಗ್ ಗಾಡಿಯ ಮೂತಿಗೆ ಒಂದು ಬಾವುಟ ಸಿಕ್ಕಿಸಿ, ಬಾನೆಟ್ಟು ತಟ್ಟಿ, ಮನೆಯವರ ಕಾರಿನ ಹಿಂದೆಯೇ ಅದನ್ನು ಸಾಲಿಗೆ ಬಿಟ್ಟ. ಕಾಣದೆ ಮಾಡಿದನೋ ಕಂಡೇ ಮಾಡಿದನೋ ಅವನಿಗೂ ದೇವರಿಗೂ ಗೊತ್ತು. ಮುಂದೆ ಶವದ ಕಾರು, ಹಿಂದೆ ನಲವತ್ತು ಕಾರು, ನಡುವೆ ಗ್ಯಾಡಿಯವರು.

ಇಲ್ಲಿ ತಮ್ಮ ಪ್ರತಿನಿಧಿಯ ಸಂಸ್ಕಾರವನ್ನು ಹೊಗಳಲೇಬೇಕು. ಈ ಊರಿನಲ್ಲಿ ಶವದ ಮೆರವಣಿಗೆ ಎದುರಾದರೆ ಎಂಥ ಅವಸರದವನೂ ರಸ್ತೆ ಬದಿಗೆ ನಿಲ್ಲುತ್ತಾನೆ. ಮೆರವಣಿಗೆಯ ಸಾಲನ್ನು ಮುರಿದು ಹೊರಗೆ ಹೋಗುವುದಂತೂ ಸತ್ತವರಿಗೆ ಮಾಡುವ ಅವಮಾನ ಎಂದು ತಾಯಿಯ ಮಡಿಲಲ್ಲೇ ಕಲಿತಿರುತ್ತಾರೆ. ಲಮಾರ್ ರಸ್ತೆಯಲ್ಲಿ ತಮ್ಮ ಅಂಗಡಿಯ ಎದುರಿನಿಂದಲೇ ಮೆರವಣಿಗೆ ಸಾಗಿತು. ಗ್ಯಾಡಿಯವರು ಬಲಕ್ಕೆ ತಿರುಗಿದ್ದರೆ ಸಾಕಿತ್ತು, ಕಾರು ತಮ್ಮ ಅಂಗಳದಲ್ಲಿರುತ್ತಿತ್ತು. ಅವರು ತಿರುಗಲಿಲ್ಲ. ನಾನು ಅಷ್ಟರಲ್ಲಿ ಹತ್ತಿದ್ದ ಮನೆಯವರ ಕಾರಿನ ಹಿಂಬದಿಯ ಗಾಜಿನಿಂದ, ನನ್ನ ಕಾರು ಮೂತಿ ಮೇಲೆತ್ತಿಕೊಂಡು ದೊಡ್ಡಮ್ಮನನ್ನು ಹಿಂಬಾಲಿಸುವುದನ್ನು ನೋಡುತ್ತಾ, ಅಳುವುದೋ ನಗುವುದೋ ತಿಳಿಯದೆ ಕೂತಿದ್ದೆ. ನಾಳೆ ಬೆಳಿಗ್ಗೆ ಆರು ಗಂಟೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸ್ಮಶಾನದಲ್ಲಿ ಹೆಗಲು ಕೊಡುವ ಆರು ಜನರಲ್ಲಿ ಒಬ್ಬನ ಸೊಂಟ ಹಿಡಿದುಕೊಂಡಿತು. ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ ಗ್ಯಾಡಿಯವರನ್ನು ಓಝೆಲಣ್ಣ ಕರೆದ. ಅವರು ಬಂದು ಹೆಗಲು ಕೊಟ್ಟರು. ಬದುಕಿಡೀ ಸಾಲವನ್ನೇ ಮಾಡದ ದೊಡ್ಡಮ್ಮನನ್ನು ತಮ್ಮ ಕಂಪನಿ ಹೀಗೆ ಹೊತ್ತಿತು. ಅದರ ಬಾಡಿಗೆಯನ್ನು ನನ್ನ ಖಾತೆಗೆ ಸೇರಿಸಬಾರದೆಂದು ವಿನಂತಿ.

ಮಣ್ಣಾದ ಮೇಲೆ ಚರ್ಚಿನ ಸಭಾಂಗಣದಲ್ಲಿ ಊಟ. ಕರಿದ ಕೋಳಿ, ಸೊಪ್ಪು, ಸ್ಪಗೆಟ್ಟಿ ಎಲ್ಲ ಬಡಿಸುತ್ತಿದ್ದಾಗ ಗ್ಯಾಡಿಯವರು ಒಂದು ಕೈಯಲ್ಲಿ ನನ್ನ ಕೇಕು, ಇನ್ನೊಂದರಲ್ಲಿ ಹೋಸಿಯಾನ ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಕಾರು ಕಂಪನಿಯದು, ಒಳಗಿನ ಸಾಮಾನು ನಿಮ್ಮದು ಅಮ್ಮಾ, ಅದನ್ನು ನಾನು ಒಯ್ಯುವ ಹಾಗಿಲ್ಲ ಎಂದರು. ನಾವು ಅವರನ್ನು ಕೂರಿಸಿ ಕೋಳಿ ಬಡಿಸಿದೆವು. ಚೀಲದ ಬಾಯಿಂದ ಕಂಬಳಿ ಹೊರಗೆ ಇಣುಕುತ್ತಿತ್ತು. ಈ ಸೆಕೆಯಲ್ಲಿ ಕಂಬಳಿ ಯಾರಿಗೆ ಎಂದು ಕೇಳಿದರು. ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತವನಿಗೆ ಜುಲೈಯಲ್ಲೂ ಚಳಿ ಎಂದು ಹೇಳಿ, ನಾನು ಕೈಚೀಲದಿಂದ ಅರ್ಜಿ ತೆಗೆದು ಅವರ ಮುಂದಿಟ್ಟೆ. ಒಂಬತ್ತು ಹತ್ತು ಎಂದು ಮುದ್ರೆಯಿದ್ದ ಜಾಗಕ್ಕೆ ಬೆರಳಿಟ್ಟೆ. ಅವರು ನಿಧಾನವಾಗಿ, ತುಟಿ ಅಲ್ಲಾಡಿಸಿಕೊಂಡು, ಎರಡು ಸಲ ಓದಿದರು.

ಆಮೇಲೆ ತಮಗೆ ಫೋನು ಮಾಡಿದರು. ತೊಂಬತ್ತು ಜನರಿದ್ದ ಸಭಾಂಗಣದಲ್ಲಿ ಚಮಚದ ಸದ್ದೂ ನಿಂತಿತ್ತು. ಕೈಗೆ ಕೋಳಿಯ ಜಿಡ್ಡಾಗಿದ್ದರಿಂದ ಅವರು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದರು. ಇದು ತಮಗೆ ತಿಳಿದಿರಲಿಲ್ಲ ಎಂಬುದು ತಮ್ಮ ಮಾತಿನಿಂದ ಸ್ಪಷ್ಟವಾಯಿತು.

"ಕಾಗದ ಗೀಗದ ಸೋಮವಾರ ನೋಡ್ಕೊಳ್ಳೋಣ. ಕಾರು ತಂದು ಅಂಗಳದಲ್ಲಿ ನಿಲ್ಸು. ನಿನ್ನ ಗಾಡೀನೂ ನಮ್ದೇ ಅನ್ನೋದು ಮರೀಬೇಡ, ನೀನೂ ಒಂದು ಕಂತು ಹಿಂದೆ ಇದ್ದೀಯ."

ನಾನು ಕೇಕಿನ ಒಂದು ತುಂಡು ಕತ್ತರಿಸಿ ಗ್ಯಾಡಿಯವರ ತಟ್ಟೆಗೆ ಹಾಕಿದೆ. ಲಂಚವಲ್ಲ, ಅವರ ಸರದಿ ಬಂದಿತ್ತು.

"ನನಗೆ ಓದೋಕೆ ಬರುತ್ತೆ ಸಾರ್," ಎಂದರು ಗ್ಯಾಡಿಯವರು. "ಒಂಬತ್ತು ಹತ್ತಕ್ಕೆ ಹಾಕಿದ್ದಾರೆ. ನಾನು ಹನ್ನೆರಡಕ್ಕೆ ಕೊಕ್ಕೆ ಹಾಕಿದೆ. ಇಳಿಸ್ತೀನಿ."

ಫೋನು ಇಟ್ಟು, ಕೇಕು ತಿಂದು ಮುಗಿಸಿ, ಹೊರಗೆ ಹೋಗಿ ಕಾರನ್ನು ಮಗುವನ್ನು ತೊಟ್ಟಿಲಿಗೆ ಇಳಿಸಿದಂತೆ ಇಳಿಸಿದರು. ನಾಲ್ಕು ಟಯರನ್ನೂ ಕೈಯಲ್ಲಿ ಒತ್ತಿ ನೋಡಿ, ನಾಳೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದರು. ಐದೂವರೆಗೆ ಎಂದೆ. ಹಿಂದಿನ ಎಡಗಡೆಯದಕ್ಕೆ ಗಾಳಿ ಕಡಿಮೆಯಿದೆ ಎಂದು ತಮ್ಮ ಗಾಡಿಯಿಂದ ಪಂಪು ತಂದು ತುಂಬಿಸಿದರು. ನಾನು ಬಯಲಿನಲ್ಲಿ ನಿಂತು ಮೂಗು ಒರೆಸಿಕೊಂಡೆ. ದೊಡ್ಡಮ್ಮನಿಗಾಗಿ ಎಂದು ಎಲ್ಲರೂ ತಿಳಿದರು. ಶನಿವಾರ ಬೆಳಿಗ್ಗೆ ಆರಕ್ಕೆ ಹೋಸಿಯಾ ಕುರ್ಚಿಯಲ್ಲಿ ಕೂತು, ಕಂಬಳಿಗೆ ಕೋಳಿಯ ವಾಸನೆ ಬಂದಿದೆ ಎಂದು ಗೊಣಗಿದ. ಅಷ್ಟು ಚೆಂದದ ಗೊಣಗಾಟವನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಮಾನ್ಯರೇ, ಇಷ್ಟೆಲ್ಲ ಉಪಕಾರವಾದ ಮೇಲೂ ಕೆಲವು ಬೇಡಿಕೆಗಳನ್ನು ಮುಂದಿಡುವುದು ದುರಾಸೆಯೇ. ಆದರೂ ಮನೆಮಗಳ ಸಲಿಗೆಯಿಂದ ಕೇಳುತ್ತೇನೆ. ಮುಂದೆ ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಒಬ್ಬರನ್ನೇ ಕಳಿಸದೆ, ತಾವೂ ಬರಬೇಕು. ಹೆಗಲು ಕೊಡುವವರು ಈಗೀಗ ಕಡಿಮೆ. ಬರುವಾಗ ಹೂವು ತಂದರೆ ಅದನ್ನು ಮಾತ್ರ ವಾಪಸು ಎಳೆದುಕೊಂಡು ಹೋಗಬಾರದು. ಫ್ಯಾಕ್ಸ್ ಯಂತ್ರದಿಂದ ಕಾಗದ ಬಂದ ಕೂಡಲೇ ಕಾಫಿ ನಿಂತುಹೋಗುವಂತೆ ಎರಡಕ್ಕೂ ಒಂದೇ ತಂತಿ ಹಾಕಿಸಬೇಕು. ತಮ್ಮ ಪುಟ್ಟ ಪೆಟ್ಟಿಗೆಯನ್ನು ಮಾಡಿದ ಜಾಣರಿಗೆ ಇದೇನೂ ದೊಡ್ಡದಲ್ಲ. ನಮ್ಮ ಚರ್ಚಿನಲ್ಲಿ ಸೆಕೆಗೆ ಬೀಸಿಕೊಳ್ಳುವ ರಟ್ಟಿನ ಬೀಸಣಿಗೆಗಳ ಹಿಂದೆ ಈವರೆಗೆ ಅಂತ್ಯಕ್ರಿಯೆ ಮಾಡಿಸುವವರ ಜಾಹೀರಾತು ಮಾತ್ರ ಇರುತ್ತಿತ್ತು. ಈ ವ್ಯವಹಾರಕ್ಕೆ ತಾವೂ ಇಳಿದಿರುವುದರಿಂದ ತಮ್ಮ ಭಾವಚಿತ್ರವನ್ನೂ ಅಚ್ಚು ಹಾಕಿಸಬೇಕು. ಅದನ್ನು ಮುಖಕ್ಕೆ ಬೀಸಿಕೊಳ್ಳಲು ನಮ್ಮಲ್ಲಿ ಬಹಳ ಜನ ಕಾಯುತ್ತಿದ್ದಾರೆ.

ಕಳೆದ ಬುಧವಾರ ಕೋರ್ಟಿನಲ್ಲಿ ಫ್ಯಾಂಟಮ್ಮ ಆ ಫ್ಯಾಕ್ಸ್ ಚೀಟಿಯನ್ನು ತೋರಿಸಿದಾಗ, ಅದು ಪಿಜ್ಜಾ ಅಂಗಡಿಯ ಜಾಹೀರಾತು ಎಂದುಕೊಂಡೆ ಎಂದು ತಾವು ಕೊಟ್ಟ ವಿವರಣೆಯನ್ನು ನಾನು ಮನಸಾರೆ ನಂಬುತ್ತೇನೆ. ನ್ಯಾಯಾಧೀಶರು ನಂಬದೆ, ವಕೀಲರ ಶುಲ್ಕವನ್ನೂ ಕಾರಿಗೆ ಬಿದ್ದ ಕೊಕ್ಕೆಯ ಗೀರಿನ ರಿಪೇರಿಯನ್ನೂ ತಮ್ಮ ತಲೆಗೆ ಕಟ್ಟಿದ್ದಕ್ಕೆ ನನಗೆ ಎಷ್ಟು ದುಃಖವಾಗಿದೆಯೆಂದರೆ, ಆ ದಿನ ಸಂಜೆ ಇನ್ನೊಂದು ಕೇಕು ಮಾಡಬೇಕಾಯಿತು. ನಾಳೆ ಶಾಲೆಯಲ್ಲಿ ಸಂಬಳದ ದಿನ. ಕೋರ್ಟು ಹೇಳಿದಷ್ಟನ್ನು ಮೊದಲೇ ಮುರಿದುಕೊಂಡು ತಮಗೆ ಸೇರಿಸುತ್ತಾರೆ. ನಾನು ತಮ್ಮ ಸಾಲ ತೀರಿಸುತ್ತೇನೆ, ಮಾನ್ಯರೇ. ನನ್ನ ಗಂಡ ಉಸಿರಾಡುತ್ತಿರುವಾಗ ತೀರಿಸುತ್ತೇನೆ, ಅಷ್ಟೇ ವ್ಯತ್ಯಾಸ.

ತಮ್ಮ ಮನೆಯವಳೆಂದು ತಾವೇ ಬರೆಸಿರುವ, ಅದನ್ನು ಅಳಿಸುವವರೆಗೂ
ತಮ್ಮ ವಿಶ್ವಾಸಿ,
ವರ್ಲೀನ್ ಟಗಲ್

ವಿ.ಸೂ.: ಮಾತು ಕೇಳಲಿಲ್ಲವೆಂದು ಗ್ಯಾಡಿಯವರ ಟೋಯಿಂಗ್ ಗಾಡಿಯನ್ನೇ ಎಳೆದು ತರಲು ತಾವು ಬೇರೊಬ್ಬರನ್ನು ಕಳಿಸಿದ್ದು, ಆ ವಾರಾಂತ್ಯವೆಲ್ಲ ಗಾಡಿ ಯಾವುದೋ ಮುಚ್ಚಿದ ಗ್ಯಾರೇಜಿನಲ್ಲಿದೆ ಎಂದು ತಮ್ಮ ಪೆಟ್ಟಿಗೆ ತೋರಿಸಿದ್ದು ನಮಗೆ ತಿಳಿದಿದೆ. ಓಝೆಲಣ್ಣನನ್ನು ಕೇಳಿದರೆ, ನನಗೆ ಕಣ್ಣು ಕಾಣಲ್ಲಪ್ಪ ಎನ್ನುತ್ತಾನೆ. ಈಗ ಆ ಚಿಂತೆ ಬೇಡ: ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಗ್ಯಾಡಿಯವರೂ ಹದಿಮೂರು ಹಾಕಿಸಿದ್ದಾರೆ, ಗಾಡಿ ಹಗಲಿನಲ್ಲೇ ಊರೆಲ್ಲ ಓಡಾಡುತ್ತಿದೆ. ನೇರಳೆ ಬಾವುಟವನ್ನು ಅವರು ಇನ್ನೂ ತೆಗೆದಿಲ್ಲ. ರಸ್ತೆಯಲ್ಲಿ ಎದುರಾದರೆ ಏನು ಮಾಡಬೇಕೆಂದು ತಮ್ಮ ತಾಯಿ ಕಲಿಸಿಯೇ ಇರುತ್ತಾರೆ: ಕಾರನ್ನು ಬದಿಗೆ ನಿಲ್ಲಿಸಿ, ಟೋಪಿ ತೆಗೆದು, ಅದು ದಾಟಿ ಹೋಗುವವರೆಗೂ ತಲೆ ಬಗ್ಗಿಸಿ ಕೂತಿರಿ.